ಊರೂರು ತಿರುಗುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್: 14 ಇಂಚು ಸಾಕಾ, 16 ಇಂಚೇ ಬೇಕಾ?

ಕಿಟಕಿಸೀಟು

ಎಲ್ಲರಿಗೂ ನಮಸ್ಕಾರ. ನನ್ನದು ತಿರುಗಾಟದ ಕೆಲಸ. ಮನೆಯಲ್ಲಿರುವುದಕ್ಕಿಂತ ಹೊರಗಿರುವುದೇ ಜಾಸ್ತಿ. ಮನೆಯಲ್ಲಿರುವ ಡೆಸ್ಕ್‌ಟಾಪ್ ಸುಮ್ನೆ ಧೂಳು ಹಿಡಿಯುತ್ತಿದೆ. ಅದನ್ನು ಮಾರಿ, ಕೆಲಸಕ್ಕೂ ಆಟಕ್ಕೂ ಆಗುವ ಒಂದೇ ಲ್ಯಾಪ್‌ಟಾಪ್ ತೆಗೆದುಕೊಳ್ಳೋಣ ಅಂತಿದ್ದೇನೆ.

ಆಡುವುದು ಸೈಬರ್‌ಪಂಕ್ 2077, ಎಲ್ಡನ್ ರಿಂಗ್, ಗೆಳೆಯರು ಸಿಕ್ಕಾಗ ವ್ಯಾಲೊರಂಟ್. ಹಗಲು ಎಕ್ಸೆಲ್, ಬ್ರೌಸರ್, ವಿಡಿಯೋ ಕಾಲ್. ಈಗ ಎರಡು ಆಯ್ಕೆ ಮುಂದಿವೆ. ಒಂದು 14 ಇಂಚಿನದು, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಒಂದೂವರೆ ಕಿಲೋ. ಇನ್ನೊಂದು 16 ಇಂಚಿನದು, ಆರ್‌ಟಿಎಕ್ಸ್ 4070, ಎರಡೂವರೆ ಕಿಲೋ. ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಅದೇ ದುಡ್ಡಿಗೆ ದೊಡ್ಡ ಕಾರ್ಡ್ ಸಿಗುವಾಗ ಚಿಕ್ಕದಕ್ಕೆ ಯಾಕೆ ಹೋಗಬೇಕು ಅನ್ನಿಸುತ್ತಿದೆ. ಹೊತ್ತು ತಿರುಗುವವರು ದಯವಿಟ್ಟು ಹೇಳಿ.

ವ್ಯಾಟ್‌ಲೆಕ್ಕ

ಕಾರ್ಡಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಲ್ಯಾಪ್‌ಟಾಪಿನಲ್ಲಿ ಮೊದಲು ಕೇಳಬೇಕಾದದ್ದು ಆ ಕಾರ್ಡಿಗೆ ಎಷ್ಟು ವ್ಯಾಟ್ ಸಿಗುತ್ತದೆ ಅನ್ನುವುದನ್ನು. ಲ್ಯಾಪ್‌ಟಾಪ್ 4060 ಆಗಲಿ 4070 ಆಗಲಿ, ಅವನ್ನು ಮಾಡುವ ಎನ್ವಿಡಿಯಾ ಕೊಟ್ಟಿರುವ ಮಿತಿ ಒಂದೇ: 35ರಿಂದ 115 ವ್ಯಾಟ್. ಅದರ ಮೇಲೆ ಡೈನಾಮಿಕ್ ಬೂಸ್ಟ್ ಅಂತ ಇನ್ನು 25 ವ್ಯಾಟ್‌ವರೆಗೆ ಸೇರಬಹುದು. ಈ ಅಂತರದಲ್ಲಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ಲ್ಯಾಪ್‌ಟಾಪ್ ಮಾಡುವವರಿಗೆ ಬಿಟ್ಟದ್ದು. ಹೆಸರು ಒಂದೇ, ಹಸಿವು ಬೇರೆ ಬೇರೆ. 65 ವ್ಯಾಟಿಗೆ ಕಟ್ಟಿಹಾಕಿದ 4070, ಧಾರಾಳವಾಗಿ ವ್ಯಾಟ್ ಸಿಗುವ 4060ರ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಇನ್ನೊಂದು ವಿಷಯ. ಎರಡಕ್ಕೂ ವಿ-ರ‍್ಯಾಮ್ (ಕಾರ್ಡಿನದೇ ಮೆಮೊರಿ) 8 ಜಿಬಿಯೇ. ಡೆಸ್ಕ್‌ಟಾಪಿನ 4070ಗೆ 12 ಜಿಬಿ ಇದೆ, ಅದರ ಚಿಪ್ಪೇ ಬೇರೆ. ಲ್ಯಾಪ್‌ಟಾಪ್ 4070 ಒಳಗಿರುವುದು ಡೆಸ್ಕ್‌ಟಾಪ್ 4060 ಟಿಐ ಕುಟುಂಬದ ಚಿಪ್. ಮನೆಯ ಡೆಸ್ಕ್‌ಟಾಪಿನ ಲೆಕ್ಕವನ್ನು ಇಲ್ಲಿಗೆ ತರಬೇಡಿ. 2025ರಲ್ಲಿ ಬಂದ 50 ಸರಣಿಯಲ್ಲೂ 5060, 5070 ಎರಡೂ 8 ಜಿಬಿಯ ಲ್ಯಾಪ್‌ಟಾಪ್ ಕಾರ್ಡುಗಳಾಗಿಯೇ ಬಂದವು. 12 ಜಿಬಿ ಬೇಕೆಂದರೆ 5070 ಟಿಐಗೆ ಏರಬೇಕು.

ಕಂಪನಿಯ ಪೂರ್ತಿ ಸ್ಪೆಕ್ ಪುಟದಲ್ಲಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಟಿಜಿಪಿ ಅಥವಾ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಬರೆದಿರುತ್ತಾರೆ. ಅದನ್ನು ಹುಡುಕಿ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಹಗುರಬ್ಯಾಗು

ವ್ಯಾಟ್ ಮಾತು ಸರಿ. ಆದರೆ ತಿರುಗಾಡುವವರಿಗೆ ಅದಕ್ಕಿಂತ ಮುಂಚೆ ತೂಕ. ಲ್ಯಾಪ್‌ಟಾಪಿನ ತೂಕ ಮಾತ್ರ ಅಲ್ಲ, ಅಡಾಪ್ಟರಿನದೂ ಸೇರಿಸಿ. ಜಾಹೀರಾತಿನಲ್ಲಿ ಅಡಾಪ್ಟರ್ ತೂಕ ಯಾರೂ ಹಾಕುವುದಿಲ್ಲ.

16 ಇಂಚಿನ ಗಟ್ಟಿ ಗೇಮಿಂಗ್ ಲ್ಯಾಪ್‌ಟಾಪ್ ಎರಡೂವರೆ ಕಿಲೋ ಅಂದರೆ, ಅದರ ಜೊತೆ ಬರುವ 230 ಅಥವಾ 330 ವ್ಯಾಟ್ ಅಡಾಪ್ಟರ್ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುತ್ತದೆ. ಗೋಡೆಯಿಂದ ಅಡಾಪ್ಟರಿಗೆ ಬರುವ ದಪ್ಪ ವೈರ್ ಬೇರೆ. ಮೌಸ್, ಹೆಡ್‌ಸೆಟ್ ಸೇರಿದರೆ ಹೆಗಲ ಮೇಲೆ ನಾಲ್ಕು ಕಿಲೋ. 14 ಇಂಚಿನಲ್ಲಿ ಅದೇ ಸರಂಜಾಮು ಎರಡೂವರೆ ಕಿಲೋದೊಳಗೆ ಮುಗಿಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಅಂಗಡಿಯಲ್ಲಿ ಎತ್ತಿ ನೋಡಿದಾಗ ಅಲ್ಲ. ಕೈಯಲ್ಲಿ ಇನ್ನೊಂದು ಚೀಲ ಹಿಡಿದು, ಲಿಫ್ಟ್ ಇಲ್ಲದ ಮೂರನೇ ಮಹಡಿ ಹತ್ತುವಾಗ.

ಈ ಗಾತ್ರದಲ್ಲಿ ನೋಡಬೇಕಾದ ಹೆಸರುಗಳು: ಆಸುಸ್ ಜೆಫಿರಸ್ ಜಿ14 (2024ರ ಮಾಡೆಲ್ 1.5 ಕಿಲೋ), ಎಚ್‌ಪಿ ಓಮೆನ್ ಟ್ರಾನ್ಸೆಂಡ್ 14 (1.6 ಕಿಲೋ ಚಿಲ್ಲರೆ), ರೇಜರ್ ಬ್ಲೇಡ್ 14 (2025ರದು ಸುಮಾರು ಅಷ್ಟೇ, ಹಿಂದಿನ ವರ್ಷದ್ದು 1.84). ಓಮೆನ್‌ನದು 140 ವ್ಯಾಟ್ ಯುಎಸ್‌ಬಿ-ಸಿ ಚಾರ್ಜರ್, ಉರುಟು ಪಿನ್ನಿನ ಗೊಡವೆಯೇ ಇಲ್ಲ.

ನಿಧಾನಸ್ಥ

ನಾನು ಒಪ್ಪುವುದಿಲ್ಲ. ಎಲ್ಲರೂ ತೂಕ ತೂಕ ಅನ್ನುತ್ತೀರಿ. ಚಿಕ್ಕ ಮೈಯಲ್ಲಿ ಶಾಖ ಎಲ್ಲಿಗೆ ಹೋಗಬೇಕು ಹೇಳಿ. 14 ಇಂಚಿನಲ್ಲಿ ಸಿಪಿಯು, ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡೂ ಶಾಖ ಹೊರಹಾಕುವ ಒಂದೇ ಸಣ್ಣ ಹೀಟ್‌ಸಿಂಕ್ ಹಂಚಿಕೊಂಡಿರುತ್ತವೆ. ಅರ್ಧ ಗಂಟೆ ಸೈಬರ್‌ಪಂಕ್ ಆಡಿದ ಮೇಲೆ ಕೀಬೋರ್ಡಿನ ಮೇಲಿನ ಸಾಲು ಬಿಸಿಯಾಗುತ್ತದೆ, ಫ್ಯಾನ್ ಕಿರುಚುತ್ತದೆ. ಪರದೆಯೂ ಚಿಕ್ಕದು. ಇನ್ವೆಂಟರಿಯ ಸಣ್ಣ ಅಕ್ಷರ ಓದಲು ಮುಂದಕ್ಕೆ ಬಗ್ಗಬೇಕು. ಎಕ್ಸೆಲ್ ಶೀಟ್ ಎರಡು ಅಕ್ಕಪಕ್ಕ ಇಟ್ಟರೆ ಎರಡೂ ಕಾಣುವುದಿಲ್ಲ.

ನಾನು 16 ಇಂಚಿನದನ್ನು ಕಾರಿನಲ್ಲಿ ಹಾಕಿಕೊಂಡು ಓಡಾಡುತ್ತೇನೆ. ರೂಮಿಗೆ ಹೋದ ಮೇಲೆ ಮೇಜಿನ ಮೇಲಿಟ್ಟು ಪ್ಲಗ್ ಹಾಕಿದರೆ ಮುಗಿಯಿತು. ಡೆಸ್ಕ್‌ಟಾಪ್ ಮಾರುತ್ತೇನೆ ಅಂತ ಬೇರೆ ಹೇಳಿದ್ದೀರಿ. ಅಂದರೆ ಮನೆಯಲ್ಲೂ ಇದೊಂದೇ. ಹಾಗಿದ್ದಾಗ ಕಾರ್ಯಕ್ಷಮತೆ ಬಿಟ್ಟುಕೊಡುವುದು ಸರಿಯಲ್ಲ.

ಹಗುರಬ್ಯಾಗು

ನಿಧಾನಸ್ಥ ಅವರೇ, ನೀವು ಹೇಳಿದ್ದರಲ್ಲೇ ಉತ್ತರ ಇದೆ. ನಿಮ್ಮ ಲ್ಯಾಪ್‌ಟಾಪನ್ನು ಹೊರುವುದು ಕಾರು. ಕಾರಿಂದ ಮೇಜು, ಮೇಜಿಂದ ಕಾರು ಅನ್ನುವವರಿಗೆ ನಾನೂ 16 ಇಂಚನ್ನೇ ಹೇಳುತ್ತೇನೆ. ಬೆನ್ನ ಮೇಲೆ ಹೊರುವವರ ಪಾಡು ಬೇರೆ.

ಕಿಟಕಿಸೀಟು ಅವರೇ, ಮೊದಲು ಇದನ್ನು ಹೇಳಿ. ಹೇಗೆ ಪ್ರಯಾಣ ಮಾಡುತ್ತೀರಿ? ಎಲ್ಲಿ ಕೂತು ಆಡುತ್ತೀರಿ? ಅಲ್ಲಿ ಪ್ಲಗ್ ಪಾಯಿಂಟ್ ಇರುತ್ತದಾ? ಈ ಮೂರು ಗೊತ್ತಾಗದೆ ಯಾವ ಮಾಡೆಲ್ ಹೇಳಿದರೂ ಅದು ಊಹೆ ಅಷ್ಟೇ.

ಕಿಟಕಿಸೀಟು

ಜಾಸ್ತಿ ರೈಲು, ಆಗಾಗ ವಿಮಾನ. ಬೆನ್ನಿಗೊಂದೇ ಬ್ಯಾಗು. ಆಟ ಹೆಚ್ಚಾಗಿ ರಾತ್ರಿ ರೂಮಿನಲ್ಲಿ, ಅಲ್ಲಿ ಪ್ಲಗ್ ಇರುತ್ತದೆ. ಆದರೆ ರೈಲಿನಲ್ಲಿ, ಕಾಯುವ ಕೋಣೆಯಲ್ಲಿ ಒಂದಷ್ಟು ಹೊತ್ತು ಸಿಗುತ್ತದೆ. ಅಲ್ಲೂ ಆಡುವಂತಿದ್ದರೆ ಚೆಂದ.

ಟಿಜಿಪಿ ನೋಡಿದೆ. 14 ಇಂಚಿನದರಲ್ಲಿ ಬೂಸ್ಟ್ ಸೇರಿ 90 ವ್ಯಾಟ್. 16 ಇಂಚಿನದರಲ್ಲಿ 140. ಬ್ಯಾಟರಿ 73 ವ್ಯಾಟ್-ಅವರ್ ಮತ್ತು 80.

ವ್ಯಾಟ್‌ಲೆಕ್ಕ

ಈಗ ಸರಿಯಾದ ಮಾಹಿತಿ ಸಿಕ್ಕಿತು. ಬ್ಯಾಟರಿ ಲೆಕ್ಕ ಹಾಕೋಣ. ಇದಕ್ಕೆ ಯಾವ ವಿಮರ್ಶೆಯೂ ಬೇಡ, ಭಾಗಾಕಾರ ಬಂದರೆ ಸಾಕು.

73 ವ್ಯಾಟ್-ಅವರ್ ಅಂದರೆ 73 ವ್ಯಾಟ್ ಎಳೆದರೆ ಒಂದು ಗಂಟೆ. ಬ್ರೌಸರ್, ಎಕ್ಸೆಲ್ ಮಾತ್ರ ಇದ್ದು, ದೊಡ್ಡ ಜಿಪಿಯು ಮಲಗಿದ್ದರೆ ಒಟ್ಟು ಎಳೆತ 10 ವ್ಯಾಟ್ ಆಸುಪಾಸು. ಏಳು ಗಂಟೆ ಬರುತ್ತದೆ. ಆಟ ಶುರುವಾದರೆ 70 ವ್ಯಾಟ್ ದಾಟುವುದು ಕಷ್ಟವೇ ಅಲ್ಲ. ಒಂದು ಗಂಟೆಗೆ ಖಾಲಿ. 30 ಎಫ್‌ಪಿಎಸ್‌ಗೆ (ಸೆಕೆಂಡಿಗೆ 30 ಫ್ರೇಮ್) ಕಟ್ಟಿ, ಸೆಟ್ಟಿಂಗ್ ಇಳಿಸಿ 40 ವ್ಯಾಟಿಗೆ ತಂದರೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. 80 ವ್ಯಾಟ್-ಅವರ್ ಇದ್ದರೂ ಇದೇ ಕಥೆ, ಹತ್ತು ನಿಮಿಷ ಜಾಸ್ತಿ ಸಿಗಬಹುದು.

ಬ್ಯಾಟರಿಯನ್ನು ಇನ್ನೂ ದೊಡ್ಡದು ಮಾಡಬಹುದಲ್ವಾ ಅಂತ ಕೇಳುವವರಿಗೆ: ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದದ್ದು 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದರ ಮೇಲೆ ಪ್ರಯಾಣಿಕರಿಗೆ ಇಲ್ಲವೇ ಇಲ್ಲ. ದೊಡ್ಡ ಲ್ಯಾಪ್‌ಟಾಪುಗಳಲ್ಲಿ 99, 99.9 ಅನ್ನುವ ಅಂಕಿ ಕಾಣುವುದು ಅದಕ್ಕೇ. ಹಾಗಾಗಿ ಬ್ಯಾಟರಿಯ ಮೇಲೆ ದೊಡ್ಡ ಆಟ ಅನ್ನುವುದು ಯಾವ ಗೇಮಿಂಗ್ ಲ್ಯಾಪ್‌ಟಾಪಿನಲ್ಲೂ ಉದ್ದಕ್ಕೆ ನಡೆಯುವ ಸಂಗತಿಯಲ್ಲ.

ಇನ್ನು ಆಟಗಳು. ಎಲ್ಡನ್ ರಿಂಗ್ 60 ಎಫ್‌ಪಿಎಸ್ ದಾಟುವುದೇ ಇಲ್ಲ, ಆಟದಲ್ಲೇ ಬೀಗ ಹಾಕಿದ್ದಾರೆ. ವ್ಯಾಲೊರಂಟ್ ಹಗುರ, ಹಳೆಯ ಕಾರ್ಡಿನಲ್ಲೂ ಓಡುತ್ತದೆ. ನಿಮ್ಮ ಪಟ್ಟಿಯಲ್ಲಿ ಭಾರದ್ದು ಸೈಬರ್‌ಪಂಕ್ ಒಂದೇ. ಅದಕ್ಕೆ ಡಿಎಲ್‌ಎಸ್‌ಎಸ್ ಇದೆ, ಕಡಿಮೆ ರೆಸಲ್ಯೂಷನ್ನಿನಲ್ಲಿ ಬರೆದು ಎಐಯಿಂದ ಹಿಗ್ಗಿಸಿ ತೋರಿಸುವ ತಂತ್ರ. 90 ವ್ಯಾಟಿನ 4060ರಲ್ಲಿ 1920×1200ಕ್ಕೆ ಇಟ್ಟು ರೇ ಟ್ರೇಸಿಂಗ್ (ಬೆಳಕು-ನೆರಳಿನ ಭಾರದ ಲೆಕ್ಕ) ಬಿಟ್ಟರೆ ಚೆನ್ನಾಗಿಯೇ ಆಡಬಹುದು. 140 ವ್ಯಾಟಿನ 4070 ನಿಜಕ್ಕೂ ವೇಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಆಡುವ ಮೂರರಲ್ಲಿ ಎರಡು ಆಟಕ್ಕೆ ಆ ವೇಗ ಕೆಲಸಕ್ಕೇ ಬರುವುದಿಲ್ಲ.

ಹೊಸಬ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ದೊಡ್ಡ ಪವರ್ ಬ್ಯಾಂಕ್ ಇಟ್ಟುಕೊಂಡರೆ ಆಗಲ್ವಾ? 100 ವ್ಯಾಟ್ ಕೊಡುವಂಥವು ಬಂದಿವೆಯಲ್ಲ.

ವ್ಯಾಟ್‌ಲೆಕ್ಕ

ಚಾರ್ಜ್ ಮಾಡಲು ಆಗುತ್ತದೆ, ಪೂರ್ತಿ ವೇಗದಲ್ಲಿ ಆಡಲು ಆಗುವುದಿಲ್ಲ. 27,000 ಎಂಎಎಚ್ ಅಂತ ಬರೆದದ್ದನ್ನು 3.7 ವೋಲ್ಟಿಗೆ ಗುಣಿಸಿ, 99.9 ವ್ಯಾಟ್-ಅವರ್. 20,000 ಆದರೆ 74. ಅದರಲ್ಲೂ ಒಂದು ಭಾಗ ವೋಲ್ಟೇಜ್ ಬದಲಿಸುವಾಗ ಶಾಖವಾಗಿ ಹೋಗುತ್ತದೆ. ಅಂದರೆ ದೊಡ್ಡ ಪವರ್ ಬ್ಯಾಂಕಿನಿಂದ ಸಿಗುವುದು ಇನ್ನೊಂದು ಗಂಟೆಯ ಆಟ. ಅದಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಹೊರಬೇಕು. ಕೆಲಸಕ್ಕೆ ಮಾತ್ರ ಅಂದರೆ ಬಹಳ ಪ್ರಯೋಜನ, ಇಡೀ ದಿನ ಸಾಗುತ್ತದೆ.

ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. 2025ರಿಂದ ಕೆಲವು ವಿಮಾನ ಸಂಸ್ಥೆಗಳು ವಿಮಾನದೊಳಗೆ ಅದನ್ನು ಬಳಸುವುದನ್ನೂ ನಿಲ್ಲಿಸಿವೆ. ಎಮಿರೇಟ್ಸ್ ಅವುಗಳಲ್ಲಿ ಒಂದು. ಹೊರಡುವ ಮುಂಚೆ ನಿಯಮ ಓದಿಕೊಳ್ಳಿ.

ತಂತಿಜಾಲ

ಯುಎಸ್‌ಬಿ-ಸಿ ವಿಷಯ ಬಂದದ್ದರಿಂದ ನಾನೂ ಸ್ವಲ್ಪ ಹೇಳುತ್ತೇನೆ. ಇಲ್ಲಿ ಎಡವುವವರು ತುಂಬಾ ಜನ.

ಯುಎಸ್‌ಬಿ ಪವರ್ ಡೆಲಿವರಿ ಮೊದಲು 100 ವ್ಯಾಟಿಗೆ ನಿಂತಿತ್ತು. 2021ರಲ್ಲಿ ಬಂದ ಪಿಡಿ 3.1 ಅದನ್ನು 240ಕ್ಕೆ ಏರಿಸಿತು. ಆದರೆ ಕಾಗದದ ಮೇಲೆ 240 ಇದ್ದ ಮಾತ್ರಕ್ಕೆ ನಿಮ್ಮ ಲ್ಯಾಪ್‌ಟಾಪ್ ಅಷ್ಟು ತೆಗೆದುಕೊಳ್ಳುತ್ತದೆ ಅಂತ ಅರ್ಥವಲ್ಲ. ಹಲವು ಗೇಮಿಂಗ್ ಲ್ಯಾಪ್‌ಟಾಪುಗಳು ಸಿ ಪೋರ್ಟಿನಲ್ಲಿ 100 ವ್ಯಾಟ್ ಮಾತ್ರ ಒಪ್ಪುತ್ತವೆ. ಜಿಪಿಯು 90, ಸಿಪಿಯು 35, ಪರದೆ, ಫ್ಯಾನ್ ಎಲ್ಲ ಸೇರಿದರೆ 130 ದಾಟುತ್ತದೆ. ಉಳಿದ 30 ಎಲ್ಲಿಂದ ಬರಬೇಕು? ಒಂದೋ ಲ್ಯಾಪ್‌ಟಾಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ಪ್ಲಗ್ ಹಾಕಿದ್ದರೂ ಬ್ಯಾಟರಿ ನಿಧಾನಕ್ಕೆ ಇಳಿಯುತ್ತದೆ. 'ಚಾರ್ಜ್ ಆಗ್ತಾ ಇದೆ, ಆದರೂ ಪರ್ಸೆಂಟೇಜ್ ಇಳೀತಿದೆ' ಅಂತ ಗಾಬರಿ ಬೀಳುವವರ ಕಥೆ ಇದೇ.

ಕೇಬಲ್ ಕೂಡ ನೋಡಿ. ಮನೆಯಲ್ಲಿ ಬಿದ್ದಿರುವ ಮಾಮೂಲಿ ಸಿ-ಟು-ಸಿ ಕೇಬಲ್ 3 ಆಂಪಿಯರಿನದು, 60 ವ್ಯಾಟಿಗಿಂತ ಮೇಲೆ ಹೋಗುವುದಿಲ್ಲ. 100 ಬೇಕಾದರೆ 5 ಆಂಪಿಯರಿನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು. ಈಗ 240 ವ್ಯಾಟ್ ಅಂತ ಅಚ್ಚು ಹಾಕಿದ ಕೇಬಲ್ ಬರುತ್ತದೆ, ಅದನ್ನೇ ಕೊಳ್ಳಿ. ಎರಡು ಮೂರು ಪೋರ್ಟ್ ಇರುವ 100 ವ್ಯಾಟಿನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ ಚಿಕ್ಕ) ಚಾರ್ಜರಿಗೆ ಫೋನ್ ಕೂಡ ಚುಚ್ಚಿದರೆ ಲ್ಯಾಪ್‌ಟಾಪಿನ ಪಾಲು 65ಕ್ಕೆ ಇಳಿಯಬಹುದು. ಚಾರ್ಜರಿನ ಮೈಮೇಲೇ ಆ ಹಂಚಿಕೆ ಬರೆದಿರುತ್ತದೆ, ಓದಿ ನೋಡಿ.

ನನ್ನ ಪದ್ಧತಿ ಇಷ್ಟು. ಹಗಲು ಬ್ಯಾಗಿನಲ್ಲಿ 100 ವ್ಯಾಟ್ ಗ್ಯಾನ್ ಚಾರ್ಜರ್ ಒಂದೇ. ಕಂಪನಿಯ ದೊಡ್ಡ ಅಡಾಪ್ಟರ್ ರೂಮಿನಲ್ಲಿ, ಪೆಟ್ಟಿಗೆಯೊಳಗೆ. ವಿಮಾನದ ಸೀಟಿನ ಸಾಕೆಟ್ಟಿಗೆ ದೊಡ್ಡ ಅಡಾಪ್ಟರ್ ಚುಚ್ಚಬೇಡಿ. ಅದು ಕೊಡುವ ಶಕ್ತಿ ಕಡಿಮೆ. ಜಾಸ್ತಿ ಎಳೆದರೆ ಕರೆಂಟ್ ತಾನಾಗಿ ಕಡಿದುಹೋಗುತ್ತದೆ.

ಸದ್ದುಬೇಡ

ಫ್ಯಾನ್ ಕಿರುಚುತ್ತದೆ ಅಂತ ನಿಧಾನಸ್ಥ ಅವರು ಬರೆದದ್ದಕ್ಕೆ ಉತ್ತರ ಕೊಡಬೇಕು ಅನ್ನಿಸಿತು. ನಾನು 14 ಇಂಚಿನದರಲ್ಲೇ ಆಡುವವಳು. ಪಕ್ಕದ ಮಂಚದಲ್ಲಿ ಸಹೋದ್ಯೋಗಿ ಮಲಗಿರುವಾಗಲೂ ಆಡುತ್ತೇನೆ.

ಮೊದಲ ಕೆಲಸ, ಫ್ರೇಮಿಗೆ ಕಡಿವಾಣ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ. ಕಥೆಯ ಆಟಗಳಿಗೆ 60 ಹಾಕಿ. ಕಡಿವಾಣ ಇಲ್ಲದಿದ್ದರೆ ಮೆನು ತೋರಿಸುವಾಗಲೂ ಕಾರ್ಡ್ ನೂರಾರು ಫ್ರೇಮ್ ಬರೆಯುತ್ತಾ ಕೂರುತ್ತದೆ, ಸುಮ್ನೆ ಬಿಸಿ. ಎರಡನೆಯದು ಸಿಪಿಯು. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುತ್ತದೆ. ಅದನ್ನು 99 ಮಾಡಿದರೆ ಟರ್ಬೊ, ಅಂದರೆ ಸಿಪಿಯುವಿನ ಹೆಚ್ಚುವರಿ ವೇಗ, ನಿಲ್ಲುತ್ತದೆ. ಒಂದೇ ಅಂಕಿ ಕಮ್ಮಿ, ಆದರೆ ಸಿಪಿಯು ಒಮ್ಮೆಲೇ ಜಿಗಿದು ಬಿಸಿಯಾಗುವುದು ತಪ್ಪುತ್ತದೆ. ಫ್ಯಾನ್ ಏರುವುದು ಇಳಿಯುವುದು ಮಾಡದೆ ಒಂದೇ ಸಮ ತಿರುಗುತ್ತದೆ. 60 ಫ್ರೇಮಿನ ಆಟಕ್ಕೆ ಟರ್ಬೊ ಹೋದದ್ದು ಹೆಚ್ಚಿನ ಸಲ ಗೊತ್ತೂ ಆಗುವುದಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಆ ಸಾಲು ಅಡಗಿರುತ್ತದೆ, ಆಗ ಕಂಪನಿಯ ಆ್ಯಪಿನಲ್ಲಿ ಸೈಲೆಂಟ್ ಮೋಡ್ ಹಾಕಿದರೆ ಹತ್ತಿರ ಹತ್ತಿರ ಅದೇ ಫಲ.

ಮೂರನೆಯದು, ಹಾಸಿಗೆ ಮೇಲೆ ಇಡಲೇಬೇಡಿ. ಗಾಳಿ ಎಳೆಯುವ ಕಿಂಡಿಗಳು ಅಡಿಯಲ್ಲಿವೆ. ಬೆಡ್‌ಶೀಟ್ ಅದನ್ನು ಪೂರ್ತಿ ಮುಚ್ಚುತ್ತದೆ. ಮೇಜಿನ ಮೇಲಿಟ್ಟು, ಹಿಂದಿನ ಅಂಚಿಗೆ ಒಂದು ಸಣ್ಣ ಡಬ್ಬಿಯ ಮುಚ್ಚಳ ಕೊಟ್ಟು ಎತ್ತರಿಸಿ. ಬೆರಳು ಹೋಗುವಷ್ಟು ಸಂದಿ ಸಾಕು.

ಇಷ್ಟು ಮಾಡಿದ ಮೇಲೆ ಎಲ್ಡನ್ ರಿಂಗ್ ಆಡುವಾಗ ನನ್ನ ಲ್ಯಾಪ್‌ಟಾಪಿನ ಸದ್ದು ರೂಮಿನ ಸೀಲಿಂಗ್ ಫ್ಯಾನ್ ಸದ್ದಿನೊಳಗೇ ಮುಚ್ಚಿಹೋಗುತ್ತದೆ. ಕೀಬೋರ್ಡ್ ಮೇಲಿನ ಸಾಲು ಬೆಚ್ಚಗಿರುತ್ತದೆ, ಸುಡುವುದಿಲ್ಲ. ಡಬ್ಲ್ಯೂ, ಎ, ಎಸ್, ಡಿ ಇರುವ ಜಾಗ ತಂಪಾಗೇ ಇರುತ್ತದೆ.

ನಿಧಾನಸ್ಥ

60ಕ್ಕೆ ಕಟ್ಟಿದರೆ ಸದ್ದು ಕಮ್ಮಿ ಅನ್ನುವುದು ಸರಿ. ಆದರೆ ಅದೇ ಕಡಿವಾಣ 16 ಇಂಚಿಗೂ ಹಾಕಬಹುದಲ್ವಾ? ದೊಡ್ಡ ಹೀಟ್‌ಸಿಂಕ್ ಇರುವುದರಿಂದ ಅದು ಇನ್ನೂ ತಣ್ಣಗೆ ಇರುತ್ತದೆ.

ಸದ್ದುಬೇಡ

ಖಂಡಿತ ಇರುತ್ತದೆ. ಆ ತಂಪಿಗೆ ಬೆಲೆ ಆ ಒಂದೂವರೆ ಕಿಲೋ. ಹೊರುವುದಾದರೆ ಹೊರಬಹುದು.

ಕೈಯಾಟ

ಯಾರೂ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಪಿಸಿ) ಮಾತೇ ಎತ್ತಲಿಲ್ಲವಲ್ಲ! ರೈಲಿನಲ್ಲಿ, ಕಾಯುವ ಕೋಣೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬಿಚ್ಚುವುದೇ ಕಷ್ಟ. ಮೌಸಿಗೆ ಜಾಗ ಎಲ್ಲಿದೆ? ಸ್ಟೀಮ್ ಡೆಕ್ 2022ರ ಫೆಬ್ರವರಿಯಲ್ಲಿ ಬಂದಾಗಿನಿಂದ ಈ ಪ್ರಶ್ನೆಯೇ ಬದಲಾಗಿದೆ. 2023ರ ಕೊನೆಗೆ ಬಂದ ಓಎಲ್‌ಇಡಿ ಡೆಕ್ 640 ಗ್ರಾಂ, ಬ್ಯಾಟರಿ 50 ವ್ಯಾಟ್-ಅವರ್. ಅದರ ಚಿಪ್ ಎಳೆಯುವುದೇ ಹೆಚ್ಚೆಂದರೆ 15 ವ್ಯಾಟ್. ಎಲ್ಡನ್ ರಿಂಗ್ ಅದರಲ್ಲಿ ಆಡಬಹುದು. ಬಟನ್ ಒತ್ತಿದರೆ ಆಟ ಅಲ್ಲೇ ಮಲಗುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಏಳುತ್ತದೆ. ಇಳಿಯುವ ಸ್ಟೇಷನ್ ಬಂತು ಅಂತ ಪೇಚಾಡಬೇಕಿಲ್ಲ.

ವಿಂಡೋಸೇ ಬೇಕಾದರೆ ಆಸುಸ್ ಆರ್‌ಒಜಿ ಆಲೈ ಎಕ್ಸ್ ಇದೆ, 80 ವ್ಯಾಟ್-ಅವರ್, 678 ಗ್ರಾಂ. ಮಾಮೂಲಿ ಹಗುರ ಆಫೀಸ್ ಲ್ಯಾಪ್‌ಟಾಪ್ ಒಂದು, ಹ್ಯಾಂಡ್‌ಹೆಲ್ಡ್ ಒಂದು. ಎರಡೂ ಸೇರಿದರೂ ಆ 16 ಇಂಚಿನದಕ್ಕಿಂತ ಕಡಿಮೆ ತೂಕ.

ವ್ಯಾಟ್‌ಲೆಕ್ಕ

ಒಳ್ಳೆಯ ಮಾತು. ಬ್ಯಾಟರಿ ಮೇಲೆ ಆಡುವುದೇ ಮುಖ್ಯ ಅನ್ನುವವರಿಗೆ ನನ್ನ ಓಟೂ ಹ್ಯಾಂಡ್‌ಹೆಲ್ಡಿಗೇ. ಆದರೆ ಇವರಿಗೆ ಎರಡು ತೊಡಕು. ವ್ಯಾಲೊರಂಟಿನಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್ ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ, ಹಾಗಾಗಿ ಲಿನಕ್ಸ್ ಮೇಲೆ ನಿಂತ ಡೆಕ್ಕಿನ ಸ್ಟೀಮ್ ಓಎಸ್‌ನಲ್ಲಿ ಆ ಆಟ ಇಲ್ಲ. ವಿಂಡೋಸ್ ಹ್ಯಾಂಡ್‌ಹೆಲ್ಡಿನಲ್ಲಿ ಓಡಿದರೂ, ಗುರಿ ಇಟ್ಟು ಹೊಡೆಯುವ ಆಟ ಕೀಬೋರ್ಡ್, ಮೌಸ್ ಇಲ್ಲದೆ ಆಗದು. ಎರಡನೆಯದು, ಇವರು ಕೇಳಿದ್ದು ಒಂದೇ ಯಂತ್ರ. ಮನೆಗೂ ಅದೇ.

ಕಿಟಕಿಸೀಟು

ಹೌದು, ಸದ್ಯಕ್ಕೆ ಒಂದೇ. ರೈಲಿನ ಆಟ ಬಿಟ್ಟರೂ ನಡೆಯುತ್ತದೆ ಅಂತ ಈಗ ಅನ್ನಿಸುತ್ತಿದೆ. ರೂಮಿನಲ್ಲಿ ಆಡುವುದೇ ಮುಖ್ಯ. ಕ್ಲೌಡ್ ಗೇಮಿಂಗ್ (ದೂರದ ಸರ್ವರಿನಲ್ಲಿ ಓಡುವ ಆಟವನ್ನು ಇಂಟರ್ನೆಟ್ ಮೂಲಕ ಆಡುವುದು) ನಂಬಿ ಹಗುರ ಲ್ಯಾಪ್‌ಟಾಪ್ ಕೊಂಡರೆ ಹೇಗೆ?

ತಂತಿಜಾಲ

ಬೇಡ. ಎನ್ವಿಡಿಯಾದ ಕ್ಲೌಡ್ ಸೇವೆ ಜಿಫೋರ್ಸ್ ನೌ 1080ಪಿ, 60 ಫ್ರೇಮಿಗೆ 25 ಎಂಬಿಪಿಎಸ್ ಕೇಳುತ್ತದೆ. ಅಷ್ಟು ವೇಗ ರೂಮಿನ ವೈಫೈಯಲ್ಲಿ ಒಂದು ಕ್ಷಣ ಸಿಗಬಹುದು. ಆದರೆ ಆಟಕ್ಕೆ ಬೇಕಾದದ್ದು ರಾತ್ರಿಯಿಡೀ ಒಂದೇ ಸಮ ಇರುವ ಲೈನ್. ಎಲ್ಲರೂ ವಿಡಿಯೋ ನೋಡುವ ಹೊತ್ತಿಗೇ ನೀವೂ ಆಡಲು ಕೂರುತ್ತೀರಿ. ಪಿಂಗ್ (ಸರ್ವರಿಗೆ ಹೋಗಿಬರುವ ಸಮಯ, ಮಿಲಿಸೆಕೆಂಡಿನಲ್ಲಿ) ಒಮ್ಮೆ 30, ಒಮ್ಮೆ 200. ಮನೆಯಲ್ಲಿ ಒಳ್ಳೆಯ ಲೈನ್ ಇದ್ದವರಿಗೆ ಅದು ಚೆನ್ನ.

ಅದೇ ಕಾರಣಕ್ಕೆ ಇನ್ನೊಂದು ಮಾತು. ಆಟಗಳನ್ನು ಮನೆಯಲ್ಲೇ ಇಳಿಸಿಕೊಂಡು, ಒಮ್ಮೆ ಆನ್‌ಲೈನ್ ಇದ್ದಾಗ ತೆರೆದು ನೋಡಿ, ಆಮೇಲೆ ಸ್ಟೀಮ್ ಆಫ್‌ಲೈನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ರೂಮಿಗೆ ಹೋದ ಮೇಲೆ ಅಪ್‌ಡೇಟ್ ಅಂತ ಶುರುವಾಗಿ ರಾತ್ರಿ ಅದರಲ್ಲೇ ಕಳೆಯುತ್ತದೆ.

ಹಗುರಬ್ಯಾಗು

ಇನ್ನೊಂದು ಎಚ್ಚರಿಕೆ, ಇದನ್ನು ಎಲ್ಲರೂ ಓದಿ. ಮುಚ್ಚಳ ಮುಚ್ಚಿ ನೇರ ಬ್ಯಾಗಿಗೆ ಹಾಕಬೇಡಿ.

ಈಗಿನ ವಿಂಡೋಸ್ ಲ್ಯಾಪ್‌ಟಾಪುಗಳು ಮಲಗಿದಾಗ ಪೂರ್ತಿ ಮಲಗುವುದಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಅಂತ, ಫೋನಿನ ಹಾಗೆ ಒಳಗೊಳಗೇ ಎಚ್ಚರವಾಗಿರುತ್ತವೆ. ಮೇಲ್ ಬಂತಾ, ಅಪ್‌ಡೇಟ್ ಇದೆಯಾ ಅಂತ ನೋಡುತ್ತಿರುತ್ತವೆ. ಒಂದು ಸಲ ರೈಲಿನಿಂದ ಇಳಿದು ಬ್ಯಾಗ್ ತೆರೆದಾಗ ನನ್ನ ಲ್ಯಾಪ್‌ಟಾಪ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಫ್ಯಾನ್ ತಿರುಗುತ್ತಿತ್ತು, ಬ್ಯಾಟರಿ ಹೆಚ್ಚುಕಮ್ಮಿ ಖಾಲಿ. ಪಕ್ಕದಲ್ಲಿದ್ದ ನೋಟ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಅಂಟಿಕೊಂಡಿತ್ತು. ಲಿಥಿಯಂ ಬ್ಯಾಟರಿಗೆ ಇಂಥ ಶಾಖ ಒಳ್ಳೆಯದಲ್ಲ.

ಪರಿಹಾರ ಸುಲಭ. ಕಂಟ್ರೋಲ್ ಪ್ಯಾನೆಲ್ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅನ್ನುವಲ್ಲಿ ಸ್ಲೀಪ್ ತೆಗೆದು ಹೈಬರ್ನೇಟ್ ಹಾಕಿ. ತೆರೆದಿದ್ದೆಲ್ಲ ಎಸ್‌ಎಸ್‌ಡಿಗೆ ಬರೆದು ಪೂರ್ತಿ ಆಫ್ ಆಗುತ್ತದೆ. ಮತ್ತೆ ಆನ್ ಆಗಲು ಕೆಲವು ಸೆಕೆಂಡು ಜಾಸ್ತಿ ಬೇಕು, ಅಷ್ಟೇ. ಫ್ಯಾನ್ ನಿಂತಿದೆ ಅಂತ ಕಿವಿ ಕೊಟ್ಟು ಕೇಳಿ ಆಮೇಲೆ ಬ್ಯಾಗಿಗೆ ಹಾಕಿ.

ಕಿಟಕಿಸೀಟು

ಇದು ಗೊತ್ತೇ ಇರಲಿಲ್ಲ, ತುಂಬಾ ಉಪಕಾರ. 14 ಇಂಚಿನ ಕಡೆಗೇ ಮನಸ್ಸು ವಾಲಿದೆ. ರ‍್ಯಾಮ್, ಪರದೆ, ಪ್ರೊಸೆಸರ್ ಬಗ್ಗೆ ಏನಾದರೂ ಗಮನಿಸಬೇಕಾ?

ವ್ಯಾಟ್‌ಲೆಕ್ಕ

ರ‍್ಯಾಮ್ ಬಗ್ಗೆ ಕಡ್ಡಾಯವಾಗಿ. ತೆಳು ಲ್ಯಾಪ್‌ಟಾಪುಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ. 2024ರ ಜಿ14ರಲ್ಲಿ ಹಾಗೇ, 2025ರ ಬ್ಲೇಡ್ 14ರಲ್ಲೂ ಹಾಗೇ. ಆಮೇಲೆ ಹಾಕಿಸೋಣ ಅನ್ನುವಂತಿಲ್ಲ. 16 ಜಿಬಿ ಇವತ್ತಿಗೆ ಸಾಕು, ಆದರೆ ಮೂರ್ನಾಲ್ಕು ವರ್ಷ ಇಟ್ಟುಕೊಳ್ಳುವುದಾದರೆ ಕೊಳ್ಳುವಾಗಲೇ 32 ಹಾಕಿಸಿ. ಎಸ್‌ಎಸ್‌ಡಿಯನ್ನು ಸಾಮಾನ್ಯವಾಗಿ ಆಮೇಲೆ ಬದಲಿಸಬಹುದು, ಅಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ.

ಪ್ರೊಸೆಸರಿನಲ್ಲಿ ಎಚ್‌ಎಕ್ಸ್ ಅನ್ನುವ ಅಕ್ಷರ ಕಂಡರೆ ನಿಂತು ಓದಿ. ರೈಜನ್ 9 7945ಎಚ್‌ಎಕ್ಸ್ ಡೆಸ್ಕ್‌ಟಾಪ್ ಜಾತಿಯದು, 55 ವ್ಯಾಟಿನಿಂದ ಶುರು, ಸುಮ್ನೆ ಕೂತಾಗಲೂ ಬ್ಯಾಟರಿ ತಿನ್ನುತ್ತದೆ. ಆದರೆ ರೈಜನ್ ಎಐ 9 ಎಚ್‌ಎಕ್ಸ್ 370ರಲ್ಲಿ ಅದೇ ಅಕ್ಷರ ಇದ್ದರೂ ಅದು ತೆಳು ಲ್ಯಾಪ್‌ಟಾಪಿನ ಚಿಪ್, 28 ವ್ಯಾಟಿನದು. ಅಕ್ಷರ ನಂಬದೆ ವ್ಯಾಟ್ ನೋಡಿ. ಹಗಲು ಕೆಲಸ ಮಾಡುವಾಗ ಎನ್ವಿಡಿಯಾ ಕಾರ್ಡ್ ಪೂರ್ತಿ ಆಫ್ ಮಾಡುವ ಸೌಕರ್ಯ ಇರಲೇಬೇಕು. ನಾನು ಹೇಳಿದ ಏಳು ಗಂಟೆ ಬರುವುದು ಆಗ ಮಾತ್ರ.

ಸದ್ದುಬೇಡ

ಪರದೆ ಬಗ್ಗೆ ನಾನು ಹೇಳುತ್ತೇನೆ. ಜಿ14ರಲ್ಲಿರುವ 2880×1800 ಓಎಲ್‌ಇಡಿ ಕತ್ತಲ ರೂಮಿನಲ್ಲಿ ಬಹಳ ಚೆಂದ. ಕಿಟಕಿ ಪಕ್ಕ ಕೂತರೆ ಮುಖ ಕಾಣುತ್ತದೆ, ಅಷ್ಟು ಹೊಳಪು. ಕೆಲಸಕ್ಕೆ ಪೂರ್ತಿ ರೆಸಲ್ಯೂಷನ್, ಆಟಕ್ಕೆ 1920×1200 ಇಟ್ಟುಕೊಳ್ಳಿ. 8 ಜಿಬಿ ವಿ-ರ‍್ಯಾಮ್‌ನಲ್ಲಿ 2880ಕ್ಕೆ ಸೈಬರ್‌ಪಂಕ್ ಹಾಕಿ, ಮೇಲೆ ರೇ ಟ್ರೇಸಿಂಗ್ ಬೇರೆ ಅಂದರೆ ತಡವರಿಸಲು ಶುರು ಮಾಡುತ್ತದೆ.

ನಿಧಾನಸ್ಥ

ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ರೈಲು, ಬೆನ್ನ ಮೇಲಿನ ಬ್ಯಾಗು ಅಂದ ಮೇಲೆ 14 ಇಂಚು ನ್ಯಾಯವೇ. ಒಂದು ಸಲಹೆ. ಡೆಸ್ಕ್‌ಟಾಪ್ ಮಾರಿದರೂ ಮಾನಿಟರ್ ಮಾರಬೇಡಿ. ಮನೆಗೆ ಬಂದಾಗ ಅದಕ್ಕೆ ಕೇಬಲ್ ಚುಚ್ಚಿ, ಹಳೆಯ ಕೀಬೋರ್ಡ್ ಇಟ್ಟುಕೊಳ್ಳಿ. ಚಿಕ್ಕ ಪರದೆಯ ಕೊರತೆ ಅಲ್ಲಿಗೆ ತೀರುತ್ತದೆ. ಕೊಳ್ಳುವ ಮುಂಚೆ ವಾರಂಟಿ ಬೇರೆ ದೇಶದಲ್ಲೂ ನಡೆಯುತ್ತದಾ ಅಂತ ಕೇಳಿ, ಮಾಡೆಲ್ ಮಾಡೆಲ್‌ಗೆ ಅದು ಬೇರೆ ಇರುತ್ತದೆ.

ಕಿಟಕಿಸೀಟು

ತೀರ್ಮಾನ ಆಯಿತು. 14 ಇಂಚು, 4060, 90 ವ್ಯಾಟ್, 32 ಜಿಬಿ. ಜೊತೆಗೆ 100 ವ್ಯಾಟ್ ಗ್ಯಾನ್ ಚಾರ್ಜರ್, 240 ಅಂತ ಬರೆದ ಕೇಬಲ್. ಮಾನಿಟರ್ ಉಳಿಸಿಕೊಳ್ಳುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ರೂಮಿನಲ್ಲಿ ರಾತ್ರಿಯಿಡೀ ಪ್ಲಗ್‌ನಲ್ಲೇ ಇರುತ್ತದೆ, ಬ್ಯಾಟರಿ ಹಾಳಾಗಲ್ವಾ?

ತಂತಿಜಾಲ

ಕಂಪನಿಯ ಆ್ಯಪಿನಲ್ಲಿ ಚಾರ್ಜ್ ಮಿತಿ ಅಂತ ಇರುತ್ತದೆ, 80ಕ್ಕೆ ಇಡಿ. ತುಂಬಿದ ಬ್ಯಾಟರಿಯನ್ನು ಬಿಸಿಯಲ್ಲಿ ಇಟ್ಟುಕೊಂಡೇ ಇರುವುದು ಅದರ ಆಯಸ್ಸು ತಿನ್ನುವ ಮುಖ್ಯ ಕಾರಣ, ಆಡುವಾಗ ಆಗುವುದು ಅದೇ. ಹೊರಡುವ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು 100ಕ್ಕೆ ತುಂಬಿಸಿಕೊಳ್ಳಿ. ದೊಡ್ಡ ಅಡಾಪ್ಟರಿನ ಪ್ಲಗ್ ಮೂರು ಪಿನ್ನಿನದಾಗಿದ್ದರೆ ಪ್ರಯಾಣದ ಅಡಾಪ್ಟರೂ ಮೂರು ಪಿನ್ನಿನದೇ ಇರಲಿ. ಎರಡು ಪಿನ್ನಿನದರಲ್ಲಿ ಅರ್ಥಿಂಗ್ ಸಿಗದೆ, ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ.